ಡೊಮೈನ್ ಹೆಸರು ಬರೆದರೆ ಸಾಕು, ಮೇಲ್ ಸ್ಪ್ಯಾಮ್‌ಗೆ ಹೋಗುತ್ತಿದೆ. ಹೋಸ್ಟಿಂಗ್ ಬದಲಿಸಬೇಕಾ?

ಪೆರ್ಲದಲ್ಲಿ ಹಲಸಿನ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುತ್ತೀರಿ. ಎರಡು ತಿಂಗಳ ಹಿಂದೆ ಸ್ವಂತ ಡೊಮೈನ್ (ವೆಬ್‌ಸೈಟಿನ ಹೆಸರು) ತೆಗೆದುಕೊಂಡಿರಿ. ಆಮೇಲೆ ಮಂಗಳೂರಿನ ಅಂಗಡಿಗಳಿಗೆ ಕಳಿಸಿದ ಬಿಲ್ಲೆಲ್ಲ ಸ್ಪ್ಯಾಮ್‌ಗೆ ಬೀಳುತ್ತಿದೆ. ನಿಮ್ಮ ಹಳೇ ಜೀಮೇಲ್‌ನಿಂದ ಕಳಿಸಿದರೂ, ಕೆಳಗೆ ವೆಬ್‌ಸೈಟ್ ವಿಳಾಸ ಇದ್ದರೆ ಅದೇ ಪಾಡು. ನಿಮ್ಮ ಪ್ರಶ್ನೆ ಇಷ್ಟು.

ಹೋಸ್ಟಿಂಗ್, ಅಂದರೆ ಸೈಟ್, ಮೇಲ್ ಇಟ್ಟಿರುವ ಸರ್ವರ್, ಬದಲಿಸಬೇಡಿ. ಸುಮ್ನೆ ದುಡ್ಡು ಹೋಗುತ್ತದೆ. ಜೀಮೇಲ್‌ನಿಂದ ಹೋದ ಮೇಲ್ ನಿಮ್ಮ ಸರ್ವರನ್ನು ಮುಟ್ಟುವುದೇ ಇಲ್ಲ, ಅಲ್ವಾ? ಆದರೂ ಸ್ಪ್ಯಾಮ್‌ಗೆ ಹೋಗುತ್ತಿದೆ ಎಂದರೆ ಫಿಲ್ಟರಿಗೆ ಅನುಮಾನ ಇರುವುದು ನಿಮ್ಮ ಡೊಮೈನ್ ಹೆಸರಿನ ಮೇಲೆ. ಒಮ್ಮೆ ಖಚಿತ ಮಾಡಿಕೊಳ್ಳಿ: ಅದೇ ಮೇಲನ್ನು ವಿಳಾಸ ಹಾಕಿ ಒಂದು ಸಲ, ತೆಗೆದು ಒಂದು ಸಲ ಕಳಿಸಿ ನೋಡಿ.

ಈ ಪರೀಕ್ಷೆ ನನಗೆ ಮೊದಲೇ ಹೊಳೆಯಲಿಲ್ಲ. ಬದಿಯಡ್ಕದಲ್ಲಿ ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್, ಮೇಲ್ ಮಾಡಿಕೊಡುವುದು ನನ್ನ ಕೆಲಸ. ನೀರ್ಚಾಲಿನ ಗೆಳೆಯನೊಬ್ಬನಿಗೆ ನರ್ಸರಿ ಇದೆ. ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ. ಮಳೆ ಶುರುವಾಗುವ ಮೊದಲು ಪುತ್ತೂರು, ಸುಳ್ಯದ ಕಡೆಯವರು ರೇಟ್ ಕೇಳಿ ಮೇಲ್ ಹಾಕುತ್ತಾರೆ. ಇವನು ಉತ್ತರ ಕೊಡುತ್ತಿದ್ದ, ಅದು ಅವರ ಕಣ್ಣಿಗೇ ಬೀಳುತ್ತಿರಲಿಲ್ಲ. ನಾನು ಸರ್ವರ್ ಬದಲಿಸಿದೆ. ಐಪಿ ವಿಳಾಸ (ಸರ್ವರನ್ನು ಗುರುತಿಸುವ ಸಂಖ್ಯೆ) ಹೊಸದಾಯಿತು, ಮೇಲ್ ಮಾತ್ರ ಸ್ಪ್ಯಾಮ್‌ಗೇ ಹೋಯಿತು. ಸಸಿ ನೆಡುವ ಕಾಲ ಅಷ್ಟರಲ್ಲಿ ಮುಗಿದಿತ್ತು. ಆ ವರ್ಷದ ಆರ್ಡರು ಹೋದದ್ದು ನನಗೆ ಈಗಲೂ ಬೇಜಾರು.

ಆಮೇಲೆ ಗೊತ್ತಾಯಿತು, ಕೆಟ್ಟ ಐಪಿಗಳಿಗೆ ಪಟ್ಟಿ ಇರುವ ಹಾಗೆ ಡೊಮೈನ್ ಹೆಸರುಗಳಿಗೂ ಪಟ್ಟಿ ಇದೆ ಎಂದು. ಸ್ಪ್ಯಾಮ್ ತಡೆಯುವ ಸ್ಪ್ಯಾಮ್‌ಹೌಸ್ ಸಂಸ್ಥೆಯವರ ಡಿಬಿಎಲ್, ಹಾಗೆಯೇ ಸರ್ಬಲ್, ಯುಆರ್‌ಐಬಿಎಲ್. ಮೇಲ್ ಒಳಗೆ ಇರುವ ಲಿಂಕುಗಳನ್ನೂ ಫಿಲ್ಟರ್‌ಗಳು ಇವುಗಳಲ್ಲಿ ಹುಡುಕಿ ನೋಡುತ್ತವೆ. ಸ್ಪ್ಯಾಮ್‌ಅಸಾಸಿನ್‌ನಂಥ ಫಿಲ್ಟರ್ ಒಂದೊಂದು ಅನುಮಾನಕ್ಕೂ ಅಂಕ ಕೊಡುತ್ತದೆ. ಬೇರೆ ಸೆಟ್ಟಿಂಗ್ ಮಾಡದಿದ್ದರೆ 5 ಅಂಕ ಆದ ಕೂಡಲೇ ಅದು ಸ್ಪ್ಯಾಮ್. ಪಟ್ಟಿಯಲ್ಲಿರುವ ಹೆಸರು ಒಂದೇ ಅದರಲ್ಲಿ ದೊಡ್ಡ ಪಾಲು ತಿನ್ನುತ್ತದೆ.

ಸ್ಪ್ಯಾಮ್‌ಹೌಸ್‌ನ ವೆಬ್‌ಸೈಟಿನಲ್ಲಿ ನಿಮ್ಮ ಡೊಮೈನ್ ಹಾಕಿ ನೋಡಬಹುದು. ಇಲ್ಲವೇ ಕಂಪ್ಯೂಟರಿನಲ್ಲಿ ಎನ್‌ಎಸ್‌ಲುಕಪ್ ಎಂಬ ಕಮಾಂಡ್ ಕೊಟ್ಟು, ನಿಮ್ಮ ಡೊಮೈನ್ ಹೆಸರಿನ ಕೊನೆಗೆ .dbl.spamhaus.org ಸೇರಿಸಿ ಕೇಳಿದರೆ, ಹೆಸರು ಪಟ್ಟಿಯಲ್ಲಿದ್ದಾಗ ಒಂದು ಸಂಖ್ಯೆ ಸಿಗುತ್ತದೆ. ಅದನ್ನು ಸರಿಯಾಗಿ ಓದಿ. 127.0.1.2 ಬಂದರೆ ಅದನ್ನು ಸ್ಪ್ಯಾಮ್ ಡೊಮೈನ್ ಎಂದೇ ಗುರುತು ಹಾಕಿದ್ದಾರೆ. 127.0.1.102 ಬಂದರೆ, ಡೊಮೈನ್ ಒಳ್ಳೆಯದೇ, ಬೇರೆ ಯಾರೋ ಅದನ್ನು ದುರುಪಯೋಗ ಮಾಡಿದ್ದಾರೆ ಎಂದು ಅರ್ಥ. 127.255.255.254 ಬಂದರೆ ಹೆದರಬೇಡಿ. ನೀವು ಗೂಗಲ್‌ನ 8.8.8.8 ನಂಥ ಸಾರ್ವಜನಿಕ ಡಿಎನ್‌ಎಸ್ (ಹೆಸರಿಗೆ ಸಂಖ್ಯೆ ಹುಡುಕಿಕೊಡುವ ಸೇವೆ) ಮೂಲಕ ಕೇಳಿದ್ದೀರಿ, ಅದಕ್ಕೆ ಉತ್ತರ ಕೊಡುವುದಿಲ್ಲ ಎಂದಷ್ಟೇ. ಸೆಟ್ಟಿಂಗ್ ಸರಿಯಿಲ್ಲದ ಕೆಲವು ಸರ್ವರ್‌ಗಳು ಈ ಸಂಖ್ಯೆಯನ್ನೇ 'ಪಟ್ಟಿಯಲ್ಲಿದೆ' ಎಂದು ತಿಳಿದು ಮೇಲ್ ತಡೆಯುತ್ತವೆ. ಒಬ್ಬ ಗ್ರಾಹಕರಿಗೆ ಮಾತ್ರ ಮೇಲ್ ಹೋಗದಿದ್ದರೆ ಅವರ ಕಡೆ ಇದನ್ನು ಕೇಳಿ ನೋಡಿ.

ನರ್ಸರಿಯದ್ದು 102. ಗೂಗಲ್‌ನಲ್ಲಿ ಸೈಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, ಡೊಮೈನ್ ಹೆಸರು ಸೇರಿಸಿ ಹುಡುಕಿದೆ. ಅಡಿಕೆ ಸಸಿಯ ಪುಟಗಳ ನಡುವೆ ಮಾತ್ರೆ ಮಾರುವ ನೂರಾರು ಪುಟ! ಸೈಟಿಗೆ ಸೇರಿಸಿದ್ದ ಹಳೇ ಪ್ಲಗಿನ್ (ಸಣ್ಣ ತಂತ್ರಾಂಶ) ಒಂದನ್ನು ಅಪ್‌ಡೇಟ್ ಮಾಡದೆ ಬಿಟ್ಟಿದ್ದೆವು, ಅದರ ಮೂಲಕ ಯಾರೋ ಒಳಗೆ ನುಗ್ಗಿದ್ದರು. ಸೈಟ್ ತೆರೆದು ನೋಡುವವರಿಗೆ ಏನೂ ಕಾಣುವುದಿಲ್ಲ. ಮೊದಲು ಅದನ್ನೆಲ್ಲ ತೊಳೆದೆವು, ಪಾಸ್‌ವರ್ಡ್ ಎಲ್ಲ ಬದಲಿಸಿದೆವು, ಆಮೇಲೆ ಪಟ್ಟಿಯಿಂದ ತೆಗೆಯಲು ಅರ್ಜಿ ಹಾಕಿದೆವು. ಸ್ವಚ್ಛ ಮಾಡದೆ ಅರ್ಜಿ ಹಾಕಿದರೆ ಮತ್ತೆ ಪಟ್ಟಿಗೆ ಸೇರುತ್ತದೆ. ಸ್ಪ್ಯಾಮ್‌ಹೌಸ್ ಇದಕ್ಕೆ ದುಡ್ಡು ಕೇಳುವುದಿಲ್ಲ. ಹೆಸರು ತೆಗೆಸಿಕೊಡುತ್ತೇವೆ ಎಂದು ದುಡ್ಡು ಕೇಳುವವರಿಗೆ ಕೊಡಬೇಡಿ.

ನಿಮ್ಮದು ಎರಡೇ ತಿಂಗಳ ಡೊಮೈನ್. ಹಾಗಾಗಿ ನನಗೆ ಬೇರೊಂದು ಅನುಮಾನ. ನಿಮಗಿಂತ ಮೊದಲು ಆ ಹೆಸರು ಬೇರೆಯವರ ಹತ್ತಿರ ಇತ್ತೇ? ಅವಧಿ ಮುಗಿದ ಹೆಸರು ಮತ್ತೆ ಮಾರಾಟಕ್ಕೆ ಬರುತ್ತದೆ, ಹಳಬರ ಕೆಟ್ಟ ಹೆಸರೂ ಜೊತೆಗೇ ಬರಬಹುದು. ಹಳೇ ವೆಬ್ ಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಹುಡುಕಿ. ಹಪ್ಪಳದ ಅಂಗಡಿಯ ಹೆಸರಿನಲ್ಲಿ ಹಿಂದೆ ಜೂಜಿನ ಪುಟ ಕಂಡರೆ ಕಾರಣ ಸಿಕ್ಕಿತು. ಆಗ ಅರ್ಜಿಯಲ್ಲಿ 'ಮಾಲೀಕರು ಬದಲಾಗಿದ್ದಾರೆ' ಎಂದು ತಾರೀಕಿನ ಸಮೇತ ಬರೆಯಿರಿ.

ಹೆಸರಿನ ಅಕ್ಷರಗಳೇ ತೊಂದರೆ ಕೊಡುವುದೂ ಉಂಟು. 'ಸ್ಪೆಷಲಿಸ್ಟ್' ಎಂದು ಇಂಗ್ಲಿಷಿನಲ್ಲಿ ಬರೆದು ನೋಡಿ, ಮಧ್ಯದಲ್ಲಿ ಸಿಯಾಲಿಸ್ ಎಂಬ ಮಾತ್ರೆಯ ಹೆಸರು ಅಡಗಿದೆ. ಪದ ಹುಡುಕುವ ಹಳೇ ಫಿಲ್ಟರ್‌ಗಳು ಅದಕ್ಕೇ ಎಡವುತ್ತಿದ್ದವು. ಹಪ್ಪಳದ ಹೆಸರಿಗೆ ಆ ಭಯ ಬೇಡ.

ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಸೆಟ್ಟಿಂಗನ್ನೂ ನಿಮ್ಮ ಡೊಮೈನ್‌ಗೆ ಹಾಕಿಸಿ. ಜೀಮೇಲ್‌ನಲ್ಲಿ ಮೇಲ್ ತೆರೆದು 'ಶೋ ಒರಿಜಿನಲ್' ಒತ್ತಿದರೆ ಮೂರಕ್ಕೂ ಪಾಸ್ ಇದೆಯೇ ಎಂದು ಕಾಣುತ್ತದೆ. ಇವು ಮೇಲ್ ನಿಮ್ಮದೇ ಎಂದು ತೋರಿಸುತ್ತವೆ, ಅಷ್ಟೇ. ಪಟ್ಟಿಯಿಂದ ಹೆಸರು ತೆಗೆಯುವುದಿಲ್ಲ.

ಅಲ್ಲಿಯವರೆಗೆ ವಿಳಾಸ ಇಲ್ಲದೆ ಹಳೇ ಜೀಮೇಲ್‌ನಿಂದಲೇ ಬಿಲ್ ಕಳಿಸಿ. ಸ್ಪ್ಯಾಮ್‌ಗೆ ಬಿದ್ದದ್ದನ್ನು 'ನಾಟ್ ಸ್ಪ್ಯಾಮ್' ಮಾಡಲು ಅಂಗಡಿಯವರಿಗೆ ಫೋನ್ ಮಾಡಿ ಹೇಳಿ. ಡಿಬಿಎಲ್‌ನಲ್ಲಿ ಯಾವ ಸಂಖ್ಯೆ ಬಂತು ಎಂದು ಇಲ್ಲೇ ಬರೆಯಿರಿ, ಮುಂದೇನು ಮಾಡುವುದೆಂದು ನೋಡೋಣ.