ಅಂಡಮಾನಿನ ಕಲ್ಲಿಗೆ ಗುಲಾಬಿ ಬಣ್ಣ ಬಳಿದವರು ಯಾರು?

ಪ್ರಶ್ನೆ: ರಜೆಯಲ್ಲಿ ಅಂಡಮಾನಿಗೆ ಹೋಗಿದ್ದೆವು. ನೀರು ಇಳಿದಾಗ ಬಂಡೆಗಳ ಮೇಲೆ ಯಾರೋ ಗುಲಾಬಿ ಪೇಂಟ್ ಬಳಿದ ಹಾಗೆ ಕಾಣುತ್ತಿತ್ತು. ಮಗಳು ಅಂಥದ್ದೇ ಒಂದು ಅಂಗೈ ಅಗಲದ ಕಲ್ಲು ಆರಿಸಿ ತಂದಳು. ಶೋಕೇಸಿನಲ್ಲಿಟ್ಟ ಮೇಲೆ ಬಣ್ಣ ಹೋಗಿ ಬೆಳ್ಳಗಾಗಿದೆ. ಅದು ಹವಳವೇ ಸರ್? ಕುಂದವಾಡ ಕೆರೆ ನೀರಿನಲ್ಲಿ ನೆನೆಸಿಟ್ಟರೆ ಮತ್ತೆ ಬಣ್ಣ ಬರುತ್ತಾ?
– ಗೃಹಿಣಿ, ದಾವಣಗೆರೆ

ಉತ್ತರ: ಆ ಗುಲಾಬಿ ಬಣ್ಣ ಹವಳದ್ದಲ್ಲಮ್ಮ, ಪಾಚಿಯದು. ಕಲ್ಲಿನಷ್ಟು ಗಟ್ಟಿ ಇದ್ದದ್ದನ್ನು ಪಾಚಿ ಅಂದರೆ ಯಾರೂ ನಂಬುವುದಿಲ್ಲ. ಜೀವಿಗಳಿಗೆಲ್ಲ ಹೆಸರಿಟ್ಟ ಲಿನೇಯಸ್ ಕೂಡ ಇದನ್ನು ಪ್ರಾಣಿಗಳ ಸಾಲಿಗೆ ಸೇರಿಸಿದ್ದ. ಇದು ಸಸ್ಯದ ಕಡೆಯದು ಎಂದು 1837ರಲ್ಲಿ ತೋರಿಸಿದವನು ಜರ್ಮನಿಯ ಫಿಲಿಪ್ಪಿ. ವಿಜ್ಞಾನಿಗಳು ಇದಕ್ಕೆ ಕೋರಲೈನ್ ಆಲ್ಗೆ ಅನ್ನುತ್ತಾರೆ. ನಾವು ಸುಣ್ಣದ ಪಾಚಿ ಅನ್ನೋಣ.

ಇದು ತನ್ನ ಜೀವಕೋಶದ ಗೋಡೆಯಲ್ಲೇ ಸುಣ್ಣ ತುಂಬಿಕೊಳ್ಳುತ್ತದೆ. ಬೋರ್ ನೀರು ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿ ಕರೆ ಕಟ್ಟುತ್ತದಲ್ಲ, ಹೆಚ್ಚುಕಡಿಮೆ ಅದೇ ವಸ್ತು, ಜೊತೆಗೆ ಒಂದಿಷ್ಟು ಮೆಗ್ನೀಸಿಯಂ. ನಿಮ್ಮ ಕಲ್ಲಿನ ಮೇಲೆ ಒಂದು ಹನಿ ನಿಂಬೆರಸ ಬಿಡಿ, ಸಣ್ಣಗೆ ನೊರೆ ಬರುತ್ತದೆ. ಹಸಿಯಾಗಿದ್ದಾಗ ಉಗುರಿನಿಂದ ಕೆರೆದಿದ್ದರೆ ಇನ್ನೊಂದು ಕಾಣುತ್ತಿತ್ತು: ಗುಲಾಬಿ ಬಣ್ಣ ಇರುವುದು ಮೇಲಿನ ತೆಳು ಪೊರೆಯಲ್ಲಿ ಮಾತ್ರ. ಅದರ ಕೆಳಗೆ ಸೀಮೆಸುಣ್ಣದಂಥ ಬಿಳುಪು. ಆ ಪೊರೆ ಸತ್ತಿದೆ, ಬಣ್ಣ ಬಿಸಿಲು ಗಾಳಿಗೆ ಹಾಳಾಗಿದೆ. ಯಾವ ನೀರಿನಲ್ಲಿ ನೆನೆಸಿದರೂ ಮತ್ತೆ ಬರುವುದಿಲ್ಲ.

ಕೆರೆ ನೀರಂತೂ ಇದಕ್ಕೆ ಒಗ್ಗುವುದೇ ಇಲ್ಲ. ಇವೆಲ್ಲ ಉಪ್ಪುನೀರಿನವು. ಸಿಹಿನೀರಿಗೆ ಹೊಂದಿಕೊಂಡದ್ದು ಒಂದೇ ಒಂದು ಸಿಕ್ಕಿದೆ, ಕ್ರೊಯೇಷಿಯಾ ದೇಶದ ಸೆಟಿನಾ ನದಿಯಲ್ಲಿ. ಅದರ ಬಗ್ಗೆ ಪ್ರಕಟವಾದದ್ದು 2016ರಲ್ಲಿ. ಅದನ್ನು ಓದಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಆ ಬಣ್ಣಕ್ಕೆ ಕಾರಣ ಫೈಕೋಎರಿಥ್ರಿನ್ ಅನ್ನುವ ವಸ್ತು. ಬಿಸಿಲಿನ ಕೆಂಪನ್ನು ಸಮುದ್ರ ಮೇಲ್ಮೈಯಲ್ಲೇ ನುಂಗಿಬಿಡುತ್ತದೆ, ಆಳಕ್ಕೆ ಇಳಿಯುವುದು ನೀಲಿ-ಹಸಿರು ಬೆಳಕಷ್ಟೇ. ಆ ಬೆಳಕನ್ನು ಹಿಡಿಯುವುದಕ್ಕೇ ಈ ವಸ್ತು ಇರುವುದು. ಹಾಗಾಗಿ ಬೇರೆ ಪಾಚಿ ಬದುಕಲಾರದ ಕತ್ತಲಲ್ಲೂ ಇದು ಬದುಕುತ್ತದೆ. 1984ರಲ್ಲಿ ಬಹಾಮಾಸ್ ಬಳಿ 268 ಮೀಟರ್ ಆಳದಲ್ಲಿ ಸಿಕ್ಕಿತ್ತು. ಬಿಸಿಲಿನ ಬೆಳಕು ತೀರಾ ಅತ್ಯಲ್ಪ ತಲುಪುವ ಜಾಗ ಅದು.

ನಿಮ್ಮ ಮಗಳಿಗೆ ಈ ಪಾಚಿಯ ಕೆಲಸವನ್ನು ಕೋಟೆ ತೋರಿಸಿ ಹೇಳಿ. ಚಿತ್ರದುರ್ಗದ ಕೋಟೆಯಲ್ಲಿ ಎಷ್ಟೋ ಗೋಡೆಗಳು ಗಾರೆ ಇಲ್ಲದೆ, ಕಲ್ಲಿಗೆ ಕಲ್ಲು ಕೂತು ನಿಂತಿವೆ. ಹವಳದ ದಿಬ್ಬ ಹಾಗೆ ನಿಲ್ಲುವುದಿಲ್ಲ. ಹವಳ ಕಲ್ಲಾದರೆ ಈ ಪಾಚಿ ಗಾರೆ. ಮುರಿದ ಹವಳದ ಚೂರುಗಳ ಮೇಲೆ ದೋಸೆ ಹಿಟ್ಟು ಹುಯ್ದ ಹಾಗೆ ಹರಡಿ, ಬಿಗಿಯಾಗಿ ಕಚ್ಚಿ ಹಿಡಿಯುತ್ತದೆ. ಅಲೆಯ ಹೊಡೆತ ಜಾಸ್ತಿ ಇರುವ ಅಂಚಿನಲ್ಲಿ ಪೊರೊಲಿಥಾನ್ ಅನ್ನುವ ಬಗೆ ದಿಬ್ಬದ ತಲೆಯನ್ನೇ ಕಟ್ಟುತ್ತದೆ. ಪೆಸಿಫಿಕ್ ದ್ವೀಪಗಳ ಅಂಚಿನ ಗುಲಾಬಿ ಏರಿ ಇದರದ್ದೇ ಕೆಲಸ. ಇನ್ನೂ ಒಂದು ಉಪಕಾರವಿದೆ. ಎಷ್ಟೋ ಬಗೆಯ ಹವಳದ ಮರಿಗಳು ಈ ಪಾಚಿಯ ವಾಸನೆ ಹಿಡಿದು ಬಂದು ಇದರ ಮೇಲೇ ನೆಲೆಯೂರುತ್ತವೆ. ಪಾಚಿ ಇಲ್ಲದಿದ್ದರೆ ಅವುಗಳಿಗೆ ಕಾಲೂರಲು ಜಾಗ ಸಿಗುವುದು ಕಷ್ಟ.

ಹಾಗಂತ ಬಿಸಿ ಸಮುದ್ರಕ್ಕಷ್ಟೇ ಸೀಮಿತ ಅಂದುಕೊಳ್ಳಬೇಡಿ. ನಮ್ಮ ಬಿಸಿ ಕಡಲಿನ ಲಕ್ಷದ್ವೀಪ, ಅಂಡಮಾನ್, ಮನ್ನಾರ್ ಕೊಲ್ಲಿಯಲ್ಲಿ ಇವೆ, ತಂಪು ಕಡಲುಗಳಲ್ಲೂ ಇವೆ. ಮೆಡಿಟರೇನಿಯನ್ ಸಮುದ್ರದ ಮಬ್ಬು ಬೆಳಕಿನಲ್ಲಿ ಹವಳಕ್ಕೆ ಕಾಯದೆ ತಾವೇ ದಿಬ್ಬ ಕಟ್ಟಿವೆ. ಬ್ರೆಜಿಲ್‌ನ ಅಬ್ರೊಲ್ಯೋಸ್ ಬಳಿ ಯಾವ ಬಂಡೆಗೂ ಅಂಟಿಕೊಳ್ಳದೆ ಚೆಂಡಿನ ಹಾಗೆ ಉರುಳಾಡುತ್ತಾ ಸುಮಾರು 20,900 ಚದರ ಕಿಲೋಮೀಟರ್ ತುಂಬಿವೆ. ಉತ್ತರ ಧ್ರುವದ ಕಡೆಯ ಹಿಮದ ನೀರಿನಲ್ಲಿ ಕ್ಲಾಥ್ರೊಮಾರ್ಫಮ್ ಅನ್ನುವುದು ಮರದ ಹಾಗೆ ವರ್ಷಕ್ಕೊಂದು ಗೆರೆ ಹಾಕುತ್ತದೆ. ಕೆನಡಾದ ಕಡೆ ಸಿಕ್ಕಿದ ಇವುಗಳ ಗೆರೆ ಎಣಿಸಿ 600 ವರ್ಷಕ್ಕೂ ಹಿಂದಿನ ಸಮುದ್ರದ ಹಿಮದ ಕಥೆ ಓದಿದ್ದಾರೆ. ದುರ್ಗಕ್ಕೆ ಪಾಳೆಯಗಾರರು ಬರುವ ಎಷ್ಟೋ ಮೊದಲಿನ ಗೆರೆಗಳು ಅವು!

ಎಷ್ಟು ಬಗೆ ಇವೆ ಅಂದರೆ, ಹೆಸರಿಟ್ಟವೇ ನೂರಾರು. ಕಣ್ಣಿಗೆ ಎಲ್ಲ ಒಂದೇ ಥರದ ಗುಲಾಬಿ ಪೊರೆ. ಪೊರೊಲಿಥಾನ್ ಆಂಕೋಡಿಸ್ ಎಂದು ಎಲ್ಲೆಡೆ ಕರೆಯುತ್ತಿದ್ದದ್ದು ಡಿಎನ್‌ಎ ನೋಡಿದಾಗ ಹಲವು ಬೇರೆ ಬೇರೆ ಬಗೆಗಳಾಗಿ ಒಡೆಯಿತು. ಹಾಗಾಗಿ ನಿಮ್ಮ ಕಲ್ಲಿನದು ಯಾವುದು ಎಂದು ಫೋಟೊ ನೋಡಿ ಹೇಳಿದರೆ ಸುಮ್ನೆ ಹೇಳಿದಂತಾಗುತ್ತದೆ.

ಒಂದು ಮಾತು ಹೇಳಲೇಬೇಕು. ಮಗುವಿಗೆ ಬೈಬೇಡಿ, ಆದರೆ ಮುಂದಿನ ಸಲ ತರಬೇಡಿ. ಪೊರೆಯ ಕೆಳಗಿನ ಕಲ್ಲು ಬಹಳ ಸಲ ಹವಳವೇ ಆಗಿರುತ್ತದೆ, ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಈ ಪಾಚಿ ಬೆಳೆಯುವುದೂ ವರ್ಷಕ್ಕೆ ಕೆಲವೇ ಮಿಲಿಮೀಟರ್, ಎಷ್ಟೋ ಕಡೆ ಅಷ್ಟೂ ಇಲ್ಲ. ಸಾಲದ್ದಕ್ಕೆ ಹೊಗೆಯ ಇಂಗಾಲದಿಂದ ಸಮುದ್ರದ ನೀರಿನ ಗುಣ ಬದಲಾಗುತ್ತಿದೆ, ಮೆಗ್ನೀಸಿಯಂ ಸೇರಿದ ಸುಣ್ಣ ಅದಕ್ಕೆ ಬೇಗ ಕರಗುತ್ತದೆ. ನನಗೆ ನಿಜವಾಗಿ ಹೆದರಿಕೆ ಇರುವುದು ಇದರದ್ದೇ.

ಪ್ರಶ್ನೆ: ವಾಣಿವಿಲಾಸ ಸಾಗರದ ಸುತ್ತಿನ ಸುಣ್ಣಕಲ್ಲಿನಲ್ಲಿ ಪಾಚಿಯ ಗುರುತು ಇದೆ ಎಂದು ಮೇಷ್ಟ್ರು ಹೇಳಿದರು. ಅದೂ ಸುಣ್ಣದ ಪಾಚಿಯದೇನಾ?
– ಬಿಎಸ್‌ಸಿ ವಿದ್ಯಾರ್ಥಿ, ಹಿರಿಯೂರು

ಉತ್ತರ: ಅಲ್ಲ. ಅವು ಸ್ಟ್ರೊಮಾಟೊಲೈಟ್. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಹಾಸಿ ಕಟ್ಟಿದ್ದು. ನಿಮ್ಮೂರ ಕಡೆಯ ಆ ಕಲ್ಲುಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಸುಣ್ಣದ ಪಾಚಿಗಳ ಕಾಲ ಬರುವುದು ತೀರಾ ಈಚೆಗೆ, ಹೆಚ್ಚುಕಡಿಮೆ ಡೈನೋಸಾರ್‌ಗಳ ಕೊನೆಯ ಯುಗಕ್ಕೆ. ಈ ಪಾಚಿಗಳ ಪಳೆಯುಳಿಕೆ ನೋಡಬೇಕಾದರೆ ತಮಿಳುನಾಡಿನ ಅರಿಯಲೂರು ಕಡೆ ಹೋಗಬೇಕು. ಆ ಸೀಮೆಯ ಸುಣ್ಣಕಲ್ಲಿನ ಪಾಚಿಗಳನ್ನು 1930ರ ದಶಕದಲ್ಲೇ ವಿವರಿಸಿದವರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಎಲ್. ರಾಮರಾವ್ ಒಬ್ಬರು.

ಮೇಷ್ಟ್ರ ಜೊತೆ ನೋಡಲು ಹೋದರೆ ಮಳೆ ನಿಂತ ಮೇಲೆ ಹೋಗಿ. ಕಲ್ಲು ಒದ್ದೆ ಇದ್ದಾಗ ಗೆರೆಗಳು ಚೆನ್ನಾಗಿ ಎದ್ದು ಕಾಣುತ್ತವೆ. ಸುತ್ತಿಗೆ ಮನೆಯಲ್ಲೇ ಇರಲಿ.