ಓದುಗರ ಪ್ರಶ್ನೆ: ಇಂಗ್ಲಿಷ್‌ನಲ್ಲಿ ಹೂ, ವಿಚ್, ದಟ್ ಬಳಸುವುದು ಹೇಗೆ?

ಪ್ರಶ್ನೆ: ‘ನಾನು ಕೂತ ಕುರ್ಚಿ ಮುರಿದಿದೆ’ ಎಂಬುದಕ್ಕೆ ‘ದ ಚೇರ್ ಐ ಸ್ಯಾಟ್ ಈಸ್ ಬ್ರೋಕನ್’ ಎಂದು ಬರೆದೆ. ತಪ್ಪು ಎಂದರು. ಎಲ್ಲಿ ತಪ್ಪಿದೆ?

ಉತ್ತರ: ‘ಸ್ಯಾಟ್’ ಆದಮೇಲೆ ‘ಆನ್’ ಬೇಕು: ‘ದ ಚೇರ್ ಐ ಸ್ಯಾಟ್ ಆನ್ ಈಸ್ ಬ್ರೋಕನ್’. ನಾವು ಕೂರುವುದು ಕುರ್ಚಿಯ ಮೇಲೆ. ಆದರೆ ‘ಕೂತ ಕುರ್ಚಿ’ ಎಂದಾಗ ಆ ‘ಮೇಲೆ’ ಉದುರಿಹೋಗುತ್ತದೆ. ‘ಹಣ್ಣು ಹೆಚ್ಚಿದ ಚಾಕು’, ‘ನಾವಿದ್ದ ಮನೆ’ ಎಲ್ಲವೂ ಹೀಗೆಯೇ. ಚಾಕುವಿನಿಂದ, ಮನೆಯಲ್ಲಿ ಎಂದು ಕನ್ನಡದ ಕಿವಿ ತಾನೇ ತುಂಬಿಕೊಳ್ಳುತ್ತದೆ. ಇಂಗ್ಲಿಷ್ ಹಾಗೆ ತುಂಬಿಕೊಳ್ಳುವುದಿಲ್ಲ. ‘ದ ನೈಫ್ ಐ ಕಟ್ ದ ಫ್ರೂಟ್ ವಿತ್’, ‘ದ ಹೌಸ್ ವಿ ಲಿವ್ಡ್ ಇನ್’ ಎಂದೇ ಬರೆಯಬೇಕು. ಕನ್ನಡಿಗರ ಬರಹದಲ್ಲಿ ಇದು ಸುಲಭವಾಗಿ ಕಣ್ತಪ್ಪುವ ದೋಷ.

ಅನುಮಾನ ಬಂದಾಗ 2 ಬಿಡಿ ವಾಕ್ಯ ಬರೆದು ನೋಡಿ: ‘ದ ಚೇರ್ ಈಸ್ ಬ್ರೋಕನ್. ಐ ಸ್ಯಾಟ್ ಆನ್ ಇಟ್.’ ಎರಡನೆಯದರ ‘ಇಟ್’ ಹೊಡೆದುಹಾಕಿ, ಉಳಿದದ್ದನ್ನು ‘ಚೇರ್’ ಪಕ್ಕದಲ್ಲೇ ಕೂರಿಸಿ. ‘ಇಟ್’ ಹೊಡೆಯಲು ಮರೆತರೆ ‘ದ ಬುಕ್ ವಿಚ್ ಐ ಬಾಟ್ ಇಟ್’ ಎಂಬ ಇನ್ನೊಂದು ತಪ್ಪು ಹುಟ್ಟುತ್ತದೆ. ಪುಸ್ತಕವನ್ನು ಸೂಚಿಸುವ ಕೆಲಸವನ್ನು ಅಲ್ಲಿ ‘ವಿಚ್’ ಆಗಲೇ ಮಾಡಿದೆ. ಔಪಚಾರಿಕ ಬರಹಕ್ಕೆ ‘ದ ಚೇರ್ ಆನ್ ವಿಚ್ ಐ ಸ್ಯಾಟ್’ ಒಪ್ಪುತ್ತದೆ, ‘ಆನ್ ದಟ್’ ಮಾತ್ರ ಎಂದೂ ಬೇಡ.

ಪ್ರಶ್ನೆ: ಹೂ, ವಿಚ್, ದಟ್ ಇವನ್ನು ಯಾವಾಗ ಬಿಡಬಹುದು?

ಉತ್ತರ: ಮುಂದಿನ ಪದ ನೋಡಿ. ಅಲ್ಲಿ ಹೊಸ ಕರ್ತೃ ಇದ್ದರೆ ಸಾಮಾನ್ಯವಾಗಿ ಬಿಡಬಹುದು: ‘ದ ಮ್ಯಾನ್ ಐ ಮೆಟ್’. ‘ಆನ್ ವಿಚ್’ನಂಥ ಕಡೆ ಮಾತ್ರ ಬಿಡುವಂತಿಲ್ಲ. ನೇರವಾಗಿ ಕ್ರಿಯಾಪದ ಬಂದರೆ ಬಿಡುವಂತಿಲ್ಲ: ‘ದ ಮ್ಯಾನ್ ಹೂ ಕಾಲ್ಡ್ ಮಿ’. ‘ಯಾರ’, ‘ಯಾವುದರ’ ಎಂಬರ್ಥದ ‘ಹೂಸ್’ ಅನ್ನು ಎಂದೂ ಬಿಡಲಾಗದು.

ಪ್ರಶ್ನೆ: ಅಲ್ಪವಿರಾಮ ಹಾಕಿದರೆ ಅರ್ಥವೇ ಬದಲಾಗುತ್ತದೆಯೇ?

ಉತ್ತರ: ಖಂಡಿತ. ‘ಮೈ ಬ್ರದರ್ ಹೂ ಈಸ್ ಎ ಡಾಕ್ಟರ್ ಕೇಮ್’ ಎಂದರೆ ಹಲವು ಸಹೋದರರಲ್ಲಿ ಡಾಕ್ಟರ್ ಆಗಿರುವವನು ಬಂದ. ‘ಮೈ ಬ್ರದರ್, ಹೂ ಈಸ್ ಎ ಡಾಕ್ಟರ್, ಕೇಮ್’ ಎಂದಾಗ ಯಾವ ಸಹೋದರ ಎಂಬ ಪ್ರಶ್ನೆಯೇ ಏಳುವುದಿಲ್ಲ. ಡಾಕ್ಟರ್ ಎಂಬುದು ಹೆಚ್ಚಿನ ಮಾಹಿತಿ, ತೆಗೆದರೂ ವಾಕ್ಯ ನಿಲ್ಲುತ್ತದೆ. ಅನೇಕರು ಮೊದಲ ಅಲ್ಪವಿರಾಮ ಹಾಕಿ ಎರಡನೆಯದನ್ನು ಮರೆಯುತ್ತಾರೆ, 2 ಕಡೆಯೂ ಬೇಕು. ಇಂಥ ಕಡೆ ‘ಹೂ’ ಬದಲು ‘ದಟ್’ ಬರುವುದಿಲ್ಲ, ‘ಹೂ’ ಬಿಡುವುದಕ್ಕೂ ಆಗುವುದಿಲ್ಲ.