ಅಜ್ಜನ ಟ್ರಂಕಿನ ಬೆಳ್ಳಿ ಪದಕ: ವಿಕ್ಟೋರಿಯಾ ಕ್ರಾಸ್ ಅಲ್ಲ, ಆದರೆ ಸುಮ್ನೆ ಬಂದದ್ದೂ ಅಲ್ಲ

ಪ್ರಶ್ನೆ: ನಮ್ಮ ತಾಯಿಯ ತಂದೆ ಸೇನೆಯ ಎಂಜಿನಿಯರ್ ದಳವಾದ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿದ್ದರಂತೆ. ಅವರ ಟ್ರಂಕಿನಲ್ಲಿ ಒಂದು ದುಂಡನೆಯ ಬೆಳ್ಳಿ ಪದಕ ಸಿಕ್ಕಿದೆ. ಒಂದು ಬದಿ ರಾಜನ ತಲೆ, ಇನ್ನೊಂದು ಬದಿ ‘ಫಾರ್ ಬ್ರೇವರಿ ಇನ್ ದಿ ಫೀಲ್ಡ್’ ಎಂಬ ಇಂಗ್ಲಿಷ್ ಬರಹ. ನೀಲಿ ರಿಬ್ಬನ್, ನಡುವೆ ಬಿಳಿ-ಕೆಂಪು ಪಟ್ಟೆ. ನಮ್ಮ ಮಾವ ಇದು ವಿಕ್ಟೋರಿಯಾ ಕ್ರಾಸ್ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರೆ. ನಿಜವೇ? ಈ ಪದಕ ಈಗ ಯಾರಿಗೂ ಕೊಡುವುದಿಲ್ಲವಂತೆ, ಯಾಕೆ? ಅಜ್ಜ ಏನು ಮಾಡಿದ್ದರು ಅಂತ ತಿಳಿಯಲು ದಾರಿ ಇದೆಯೇ?

ಉತ್ತರ: ಮೊದಲು ನಿಮ್ಮ ಮಾವನವರಿಗೆ ಸ್ವಲ್ಪ ಬೇಸರದ ಸುದ್ದಿ. ಇದು ವಿಕ್ಟೋರಿಯಾ ಕ್ರಾಸ್ ಅಲ್ಲ. ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕವಾದ ಅದು ಹೆಸರೇ ಹೇಳುವಂತೆ ಶಿಲುಬೆಯಾಕಾರದ್ದು, ಕಂದು ಬಣ್ಣದ ಕಂಚಿನದು. ಬೆಳ್ಳಿಯೂ ಅಲ್ಲ, ದುಂಡಗೂ ಇರುವುದಿಲ್ಲ.

ನಿಮ್ಮ ಕೈಯಲ್ಲಿರುವುದು ಮಿಲಿಟರಿ ಮೆಡಲ್. ಕಡು ನೀಲಿ ರಿಬ್ಬನ್ ನಡುವೆ ಮೂರು ಬಿಳಿ, ಎರಡು ಕೆಂಪು ಪಟ್ಟೆ ಇವೆ ಅಲ್ವಾ? ಹಾಗಿದ್ದರೆ ಅನುಮಾನವೇ ಬೇಡ. ‘ಫೀಲ್ಡ್’ ಅಂದರೆ ಇಲ್ಲಿ ರಣರಂಗ. ಅಂದರೆ ಇದು ಯುದ್ಧಕ್ಕೆ ಹೋದವರಿಗೆಲ್ಲ ಹಂಚಿದ ಪದಕವಲ್ಲ. ನನಗೆ ಜನ ತೋರಿಸುವ ಹತ್ತು ಪದಕಗಳಲ್ಲಿ ಒಂಬತ್ತು ಅಂಥವೇ: ಬರ್ಮಾ ಸ್ಟಾರ್, ವಾರ್ ಮೆಡಲ್, ಇಂಡಿಯಾ ಸರ್ವಿಸ್ ಮೆಡಲ್. ಅವು ‘ನಾನು ಅಲ್ಲಿದ್ದೆ’ ಅನ್ನುತ್ತವೆ. ನಿಮ್ಮದು ‘ನಾನು ಅಲ್ಲಿ ಏನೋ ಮಾಡಿದೆ’ ಅನ್ನುತ್ತದೆ.

ಈ ಪದಕ ಶುರುವಾದದ್ದು 1916ರ ಮಾರ್ಚ್ 25ರಂದು, ಐದನೇ ಜಾರ್ಜ್ ದೊರೆಯ ಕಾಲದಲ್ಲಿ. ಸಿಪಾಯಿ, ಸಾರ್ಜೆಂಟ್ ಮುಂತಾದ ಅಧಿಕಾರಿಗಳಲ್ಲದವರಿಗೆ ಮಾತ್ರ. ಕ್ಯಾಪ್ಟನ್, ಲೆಫ್ಟಿನೆಂಟ್ ಅದೇ ಕೆಲಸ ಮಾಡಿದರೆ ಸಿಗುತ್ತಿದ್ದದ್ದು ಮಿಲಿಟರಿ ಕ್ರಾಸ್. ಗುಂಡು ಒಂದೇ, ಕೆಸರು ಒಂದೇ, ಆದರೆ ಸಾಹೇಬರಿಗೆ ಕ್ರಾಸು, ಜವಾನನಿಗೆ ಬಿಲ್ಲೆ.

ಮೊದಲ ಮಹಾಯುದ್ಧಕ್ಕೇ 1,15,000ಕ್ಕೂ ಹೆಚ್ಚು ಮಿಲಿಟರಿ ಮೆಡಲ್ ಕೊಟ್ಟರು. ಎರಡನೆಯದಕ್ಕೆ ಸುಮಾರು 15,000 ಮಾತ್ರ. ನಿಮ್ಮ ಅಜ್ಜನದು ಈ ಸಣ್ಣ ಗುಂಪಿನದು. ಒಂದೇ ಪದಕವನ್ನು ಮತ್ತೆ ಗೆದ್ದರೆ ಇನ್ನೊಂದು ಪದಕ ಕೊಡುವುದಿಲ್ಲ, ರಿಬ್ಬನ್ ಮೇಲೆ ಒಂದು ಬೆಳ್ಳಿ ಪಟ್ಟಿ ಸೇರಿಸುತ್ತಾರೆ. ಹಾಗೆ ಮೂರು ಪಟ್ಟಿ ಸೇರಿ, ಒಟ್ಟು ನಾಲ್ಕು ಸಲ ಈ ಪದಕ ಪಡೆದವನು ಇಡೀ ಚರಿತ್ರೆಯಲ್ಲಿ ಒಬ್ಬನೇ: ಆಸ್ಟ್ರೇಲಿಯಾದ 55ನೇ ಬೆಟಾಲಿಯನ್ನಿನ ಅರ್ನೆಸ್ಟ್ ಕೋರಿ. ಅವನ ಕೆಲಸ ಗುಂಡು ಹೊಡೆಯುವುದಲ್ಲ, ಸ್ಟ್ರೆಚರ್ ಹೊರುವುದು. 1917ರ ಮೇನಿಂದ 1918ರ ಸೆಪ್ಟೆಂಬರ್‌ವರೆಗೆ ನಾಲ್ಕು ಕಾಳಗಗಳಲ್ಲಿ ಗುಂಡಿನ ಮಳೆಯೊಳಗೆ ಹೋಗಿ ಬಿದ್ದವರನ್ನು ಎತ್ತಿ ತಂದ. ನಾಲ್ಕನೆಯ ಸಲ ಅವನೇ ಗಾಯಗೊಂಡ. ನನಗಂತೂ ಈ ಪದಕದ ಮುಖ ಅಂದರೆ ಕೋರಿಯೇ.

ಭಾರತೀಯ ಸೈನಿಕರ ಲೆಕ್ಕ ಬೇರೆಯೇ ಇತ್ತು. ಅವರಿಗೆ ಈಸ್ಟ್ ಇಂಡಿಯಾ ಕಂಪನಿ 1837ರಲ್ಲಿ ಶುರು ಮಾಡಿದ ಇಂಡಿಯನ್ ಆರ್ಡರ್ ಆಫ್ ಮೆರಿಟ್ ಎಂಬ ಶೌರ್ಯ ಪದಕ ಇತ್ತು. 1907ರಿಂದ ಇಂಡಿಯನ್ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಮೆಡಲ್ ಬಂತು. ವಿಕ್ಟೋರಿಯಾ ಕ್ರಾಸ್‌ನ ಬಾಗಿಲು ತೆರೆದದ್ದೇ 1911ರಲ್ಲಿ. ಮಿಲಿಟರಿ ಮೆಡಲ್ ನಮ್ಮವರ ಎದೆಗೆ ಬಂದದ್ದು ಎರಡನೇ ಮಹಾಯುದ್ಧದಲ್ಲಿ. ಹಾಗಾಗಿ ನಿಮ್ಮ ಪದಕದ ಮೇಲಿರುವ ತಲೆ ಆರನೇ ಜಾರ್ಜ್‌ನದೇ ಇರಬೇಕು. ಐದನೇ ಜಾರ್ಜ್‌ಗೆ ಗಡ್ಡ ಇತ್ತು, ಇವನಿಗೆ ಇಲ್ಲ. ಒಮ್ಮೆ ನೋಡಿಬಿಡಿ.

ಇನ್ನು ನಿಲ್ಲಿಸಿದ್ದು ಯಾಕೆ ಅಂದರೆ ಆ ಕ್ರಾಸು-ಬಿಲ್ಲೆ ಭೇದವೇ ಕಾರಣ. 1993ರಲ್ಲಿ ಜಾನ್ ಮೇಜರ್ ಪ್ರಧಾನಿಯಾಗಿದ್ದಾಗ ಬ್ರಿಟನ್ ತನ್ನ ಶೌರ್ಯ ಪದಕಗಳನ್ನೆಲ್ಲ ಮತ್ತೆ ಪರಿಶೀಲಿಸಿತು. ಧೈರ್ಯಕ್ಕೆ ರ‍್ಯಾಂಕ್ ನೋಡಬಾರದು ಅಂತ ಮಿಲಿಟರಿ ಮೆಡಲ್ ನಿಲ್ಲಿಸಿ, ಮಿಲಿಟರಿ ಕ್ರಾಸನ್ನೇ ಎಲ್ಲರಿಗೂ ತೆರೆದರು. ಅದರ ಫಲ 2007ರಲ್ಲಿ ಚೆನ್ನಾಗಿ ಕಂಡಿತು. ಇರಾಕಿನ ಅಲ್ ಅಮಾರಾದಲ್ಲಿ ಗುಂಡು ಹಾರುತ್ತಿದ್ದಾಗಲೇ ಯುದ್ಧವಾಹನದ ಮೇಲೆ ಹತ್ತಿ ಗಾಯಾಳುವನ್ನು ನೋಡಿಕೊಂಡ ಮಿಷೆಲ್ ನಾರಿಸ್‌ಗೆ ಮಿಲಿಟರಿ ಕ್ರಾಸ್ ಸಿಕ್ಕಿತು. ಅದನ್ನು ಪಡೆದ ಮೊದಲ ಮಹಿಳೆ ಅವರು. ಘಟನೆ ನಡೆದಾಗ ವಯಸ್ಸು 19, ರ‍್ಯಾಂಕ್ ಪ್ರೈವೇಟ್, ಅಂದರೆ ಸಾಮಾನ್ಯ ಸಿಪಾಯಿ. ಹಳೇ ನಿಯಮವಿದ್ದಿದ್ದರೆ ಅವರಿಗೂ ಬಿಲ್ಲೆಯೇ ಸಿಗುತ್ತಿತ್ತು. ನಮ್ಮ ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರಗಳಲ್ಲಿ 1950ರ ಜನವರಿ 26ರಂದು ಶುರುವಾದಾಗಲೇ ಈ ಭೇದ ಇರಲಿಲ್ಲ. ಬ್ರಿಟಿಷರು ಅಲ್ಲಿಗೆ ಬರಲು ಇನ್ನೂ 43 ವರ್ಷ ಹಿಡಿಯಿತು ಅನ್ನುವುದನ್ನು ಸ್ವಲ್ಪ ಖುಷಿಯಿಂದಲೇ ಹೇಳುತ್ತಿದ್ದೇನೆ.

ಈಗ ಅಜ್ಜನ ಕಥೆ ಹುಡುಕುವ ಕೆಲಸ. ಪದಕದ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಸೈನಿಕನ ನಂಬರು, ರ‍್ಯಾಂಕ್, ಹೆಸರು, ದಳ ಅಲ್ಲಿ ಸಣ್ಣ ಅಕ್ಷರದಲ್ಲಿ ಒತ್ತಿರುತ್ತದೆ. ದಯವಿಟ್ಟು ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜಬೇಡಿ! ದೇವರ ಮನೆಯ ಬೆಳ್ಳಿ ಹೊಳೆಯಬೇಕು, ಇದು ಹೊಳೆಯಬೇಕಿಲ್ಲ. ಉಜ್ಜಿ ಉಜ್ಜಿ ಅಕ್ಷರ ಸವೆದರೆ ಅದು ಯಾರ ಪದಕವೋ ಆಗಿಬಿಡುತ್ತದೆ.

ನಂಬರು ಸಿಕ್ಕ ಮೇಲೆ ಎರಡು ಕಡೆ ನೋಡಿ. ಬ್ರಿಟಿಷ್ ಸರ್ಕಾರದ ರಾಜಪತ್ರ ‘ಲಂಡನ್ ಗೆಜೆಟ್’ನ ಹಳೆಯ ಸಂಚಿಕೆಗಳು ಆನ್‌ಲೈನಲ್ಲಿ ಉಚಿತ, ಆದರೆ ಅಲ್ಲಿ ಸಾಮಾನ್ಯವಾಗಿ ಹೆಸರು ಮಾತ್ರ ಇರುತ್ತದೆ. ಕಥೆ ಇರುವುದು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ‘ಡಬ್ಲ್ಯು.ಓ. 373’ ಎಂಬ ಕಡತಗಳ ಸಾಲಿನಲ್ಲಿ. ಅವು ಪದಕಕ್ಕೆ ಮಾಡಿದ ಶಿಫಾರಸು ಪತ್ರಗಳು. ದಳದ ಕಮಾಂಡರ್ ಬರೆದದ್ದು ಬ್ರಿಗೇಡ್, ಡಿವಿಷನ್, ಕೋರ್ ಅಂತ ಮೇಲೇರುತ್ತಾ ಸಹಿ ಹಾಕಿಸಿಕೊಂಡು ಹೋಗುತ್ತಿತ್ತು. ಕೆಲವು ಪತ್ರಗಳಲ್ಲಿ ಕೆಳಗಿನವರು ಬರೆದ ದೊಡ್ಡ ಪದಕದ ಹೆಸರನ್ನು ಮೇಲಿನವರು ಗೀಟು ಎಳೆದು ಹೊಡೆದು ‘ಎಂ.ಎಂ.’, ಅಂದರೆ ಮಿಲಿಟರಿ ಮೆಡಲ್, ಅಂತ ತಿದ್ದಿದ್ದೂ ಕಾಣುತ್ತದೆ. ಹುಡುಕುವಾಗ ಹೆಸರನ್ನು ಐದಾರು ಥರ ಬರೆದು ನೋಡಿ. ಮುನಿಸ್ವಾಮಿ ಎಂಬ ಹೆಸರು ಇಂಗ್ಲಿಷ್ ಗುಮಾಸ್ತನ ಕೈಯಲ್ಲಿ ಏನಾಗಬಹುದು ಅಂತ ಊಹಿಸಿಕೊಳ್ಳಿ. ದಳದ ಬಗ್ಗೆ ತಿಳಿಯಲು ನೀವು ಲಂಡನ್‌ವರೆಗೆ ಹೋಗಬೇಕಿಲ್ಲ. ಮದ್ರಾಸ್ ಸ್ಯಾಪರ್ಸ್ ಇಂದಿಗೂ ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲೇ ಇದ್ದಾರೆ, ಮದ್ರಾಸ್ ಎಂಜಿನಿಯರ್ ಗ್ರೂಪ್ ಎಂಬ ಹೆಸರಿನಲ್ಲಿ. ಪದಕದ ಫೋಟೋ ಜೊತೆಗೆ ಒಂದು ಪತ್ರ ಬರೆದು ನೋಡಿ.

ಪ್ರಶ್ನೆ: ಹಳೇ ಸೈನಿಕರ ಹೆಸರಿನ ಮುಂದೆ ‘ಡಿ.ಸಿ.ಎಂ.’ ಅಂತ ಇರುತ್ತದಲ್ಲ, ಅದೇನು?

ಉತ್ತರ: ಉಪಮುಖ್ಯಮಂತ್ರಿ ಅಂತೂ ಅಲ್ಲ. ಅದು ಡಿಸ್ಟಿಂಗ್ವಿಷ್ಡ್ ಕಾಂಡಕ್ಟ್ ಮೆಡಲ್, ಮಿಲಿಟರಿ ಮೆಡಲ್‌ನ ಅಣ್ಣ. ಕ್ರಿಮಿಯಾ ಯುದ್ಧದ ಹೊತ್ತಿಗೆ, 1854ರ ಡಿಸೆಂಬರ್ 4ರಂದು ಶುರುವಾಯಿತು. ಇದೂ ಬೆಳ್ಳಿಯದು, ಇದೂ ಅಧಿಕಾರಿಗಳಲ್ಲದವರಿಗೇ, ರಿಬ್ಬನ್ ಕೆಂಪು-ಕಡು ನೀಲಿ-ಕೆಂಪು. ಅಂಥ ಸೈನಿಕರಿಗೆ ವಿಕ್ಟೋರಿಯಾ ಕ್ರಾಸ್ ಬಿಟ್ಟರೆ ಇದೇ ದೊಡ್ಡದು. 1914ರ ಯುದ್ಧದಲ್ಲಿ ಇದನ್ನು ಜಾಸ್ತಿ ಹಂಚುತ್ತಿದ್ದೇವೆ, ಬೆಲೆ ಕಡಿಮೆಯಾಗುತ್ತಿದೆ ಅನ್ನಿಸಿಯೇ ಮಿಲಿಟರಿ ಮೆಡಲ್ ಹುಟ್ಟಿಸಿದರು. ಇದನ್ನೂ 1993ರಲ್ಲೇ ನಿಲ್ಲಿಸಿದರು. ಈಗ ಇದರ ಜಾಗದಲ್ಲಿ ಎಲ್ಲ ರ‍್ಯಾಂಕಿನವರಿಗೂ ಕಾನ್ಸ್‌ಪಿಕ್ಯುಅಸ್ ಗ್ಯಾಲಂಟ್ರಿ ಕ್ರಾಸ್ ಇದೆ.